ನುಡಿ ಪ್ರಶ್ನೋತ್ತರ: ಅಂಟಿಸುವುದೋ, ಬಿಡಿಸುವುದೋ? ಇಂಡೊನೇಷ್ಯನ್ ಪ್ರಬಂಧಗಳ ಕಾಗುಣಿತ

ಇಂಡೊನೇಷ್ಯದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ, ಅಲ್ಲಿನ ಪ್ರಬಂಧಗಳ ಕರಡು ತಿದ್ದುವ, ಅನುವಾದಿಸುವ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆ ಭಾಷೆಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ಇಲ್ಲಿ ಪದಗಳನ್ನು ಕನ್ನಡ ಲಿಪಿಗೆ ಇಳಿಸಿದ್ದೇವೆ. ರೋಮನ್‌ನ ಎನ್-ಜಿ ಜೋಡಿಗೆ ಙ, ಎನ್-ವೈ ಜೋಡಿಗೆ ಞ, ಝಡ್ ಅಕ್ಷರಕ್ಕೆ ಜ಼ ಎಂದು ಓದಿಕೊಳ್ಳಿ. ಶಾಲೆಯ ವರ್ಣಮಾಲೆ ಬಿಟ್ಟರೆ ಬಿಡಿಯಾಗಿ ಅಪರೂಪಕ್ಕೆ ಸಿಗುವ ಙ, ಞಗಳಿಗೆ ಇಲ್ಲಿ ಕೈತುಂಬ ಕೆಲಸವಿದೆ.

ಪ್ರಶ್ನೆ: ನನ್ನ ಸ್ನಾತಕೋತ್ತರ ಪ್ರಬಂಧದ ಪ್ರತಿ ಪುಟದಲ್ಲೂ ಮಾರ್ಗದರ್ಶಕರು ‘ದಿ’ಗೆ ಕೆಂಪು ಗೆರೆ ಎಳೆಯುತ್ತಾರೆ. ಒಂದು ಕಡೆ ಅಂಟಿಸು ಎನ್ನುತ್ತಾರೆ, ಇನ್ನೊಂದು ಕಡೆ ಬಿಡಿಸು ಎನ್ನುತ್ತಾರೆ. ಇದಕ್ಕೆ ನಿಯಮವೇನಾದರೂ ಇದೆಯೇ? (ಯೋಗ್ಯಕರ್ತದಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಇದೆ. ಇದು ನಿಮ್ಮೊಬ್ಬರ ತಪ್ಪೂ ಅಲ್ಲ, ಅಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಎದ್ದು ಕಾಣುವ ದೋಷ. ಕಾರಣವೆಂದರೆ ‘ದಿ’ ಒಂದಲ್ಲ, ಎರಡು. ಒಂದು ನಮ್ಮ ‘ಅಲ್ಲಿ’ ವಿಭಕ್ತಿಯ ಕೆಲಸ ಮಾಡುವ ಬಿಡಿ ಪದ: ‘ದಿ ರುಮಾಹ್’ ಎಂದರೆ ಮನೆಯಲ್ಲಿ. ಇನ್ನೊಂದು ಕ್ರಿಯಾಪದವನ್ನು ಕರ್ಮಣಿಗೆ ತಿರುಗಿಸುವ ಪೂರ್ವಪ್ರತ್ಯಯ: ‘ದಿತುಲಿಸ್’ ಎಂದರೆ ಬರೆಯಲ್ಪಟ್ಟ. ಕಿವಿಗೆ ಎರಡೂ ಒಂದೇ. ಮಾತಿನಲ್ಲಿ ಸ್ಪೇಸ್ ಕೇಳಿಸುವುದಿಲ್ಲ, ಹಾಗಾಗಿ ಕಿವಿಯನ್ನು ನಂಬಿ ಬರೆದವರು ಎಡವುತ್ತಾರೆ.

ಪರೀಕ್ಷೆ ಎರಡು. ‘ದಿ’ ಇರುವಲ್ಲಿ ‘ದಾರಿ’ (ಇಂದ) ಹಾಕಿ ಓದಿ. ಅರ್ಥ ಕೂಡಿದರೆ ಅದು ಬಿಡಿ ಪದ, ಸ್ಪೇಸ್ ಬೇಕು. ಕೂಡದಿದ್ದರೆ ಅದೇ ಕ್ರಿಯಾಪದಕ್ಕೆ ‘ಮೆ’ ಹಚ್ಚಿದ ಕರ್ತರಿ ರೂಪ ಇದೆಯೇ ನೋಡಿ. ಇದ್ದರೆ ಅದು ಪ್ರತ್ಯಯ, ಅಂಟಿಸಬೇಕು. ‘ದಾತಾ ದಿಆಂಬಿಲ್ ದಿ ದೇಸಾ’, ಅಂದರೆ ಮಾಹಿತಿಯನ್ನು ಹಳ್ಳಿಯಲ್ಲಿ ಸಂಗ್ರಹಿಸಲಾಯಿತು. ‘ದಾರಿ ದೇಸಾ’ ಎಂದರೆ ಹಳ್ಳಿಯಿಂದ, ಸರಿಯಾಗಿ ಕೂಡುತ್ತದೆ. ಹಾಗಾಗಿ ಎರಡನೆಯ ‘ದಿ’ ಬಿಡಿ. ಮೊದಲನೆಯದಕ್ಕೆ ‘ಮೆಙಾಂಬಿಲ್’ ಎಂಬ ಕರ್ತರಿ ರೂಪ ಇದೆ, ಹಾಗಾಗಿ ಅಂಟು. (ನಮ್ಮ ‘ದೇಶ’ ಅಲ್ಲಿಗೆ ಹೋಗಿ ಹಳ್ಳಿಯಾಗಿದೆ ಎಂಬುದನ್ನು ಗಮನಿಸಿದಿರಲ್ಲ?)

ಹೆಚ್ಚು ತಪ್ಪುವ ಪದಗಳು ಬೆರಳೆಣಿಕೆಯಷ್ಟೇ: ‘ದಿ ಸಿನಿ’ (ಇಲ್ಲಿ), ‘ದಿ ಮಾನಾ’ (ಎಲ್ಲಿ), ‘ದಿ ಆತಾಸ್’ (ಮೇಲೆ), ‘ದಿ ಬಾವಾಹ್’ (ಕೆಳಗೆ), ‘ದಿ ದಾಲಾಮ್’ (ಒಳಗೆ), ‘ದಿ ಆಂತಾರಾ’ (ನಡುವೆ). ಎಲ್ಲವೂ ಬಿಡಿಯೇ. ‘ಕೆ’ (ಗೆ, ಕಡೆಗೆ) ಕೂಡ ಇದೇ ದಾರಿ ಹಿಡಿಯುತ್ತದೆ, ಆದರೆ ಅಲ್ಲಿ ಮೂರು ಮುಳ್ಳುಗಳಿವೆ. ‘ಕೆಪಾದಾ’ (ಗೆ) ಮತ್ತು ‘ದಾರಿಪಾದಾ’ (ಗಿಂತ) ಯಾವಾಗಲೂ ಅಂಟು. ‘ಕೆಲುವಾರ್’ ಎಂದರೆ ಹೊರಡು, ಒಳಬರುವುದಕ್ಕೆ ವಿರುದ್ಧ, ಅಂಟು. ‘ಕೆ ಲುವಾರ್’ ಎಂದರೆ ಹೊರಭಾಗಕ್ಕೆ, ಬಿಡಿ.

ಇನ್ನೊಂದು ಮಾತು, ಇದು ಕಾಗುಣಿತಕ್ಕಿಂತ ಶೈಲಿಯದು. ‘ದಿ ಮಾನಾ’ ಪ್ರಶ್ನೆಯ ಪದ. ಸೂತ್ರ ಬರೆದು ಅದರ ಕೆಳಗೆ ಇಂಗ್ಲಿಷಿನ ‘ವೇರ್’ ಇದ್ದಲ್ಲೆಲ್ಲ ‘ದಿ ಮಾನಾ’ ಹಾಕುವುದು ವಿಜ್ಞಾನ ವಿದ್ಯಾರ್ಥಿಗಳ ಚಾಳಿ. ಅಲ್ಲಿ ‘ದೆಙಾನ್’ ಸಾಕು. ಹಾಗೆಯೇ ಇಸವಿಯ ಹಿಂದೆ ‘ದಿ’ ಬೇಡ, ‘ಪಾದಾ ತಾಹುನ್ 2020’ ಎಂದು ಬರೆಯಿರಿ; ‘ದಿ’ ಇರುವುದು ಸ್ಥಳಕ್ಕೆ.

ಪ್ರಶ್ನೆ: ಹಳೆಯ ಇಂಡೊನೇಷ್ಯನ್ ಪುಸ್ತಕವೊಂದರಲ್ಲಿ ‘ದಿರುಮಾಹ್’ ಎಂದು ಅಂಟಿಸಿಯೇ ಅಚ್ಚಾಗಿದೆ. ‘ಆನಾಕ್2’ ಎಂದು ಪದದ ಬಾಲಕ್ಕೆ ಅಂಕಿಯೂ ಇದೆ. ಇವು ಮುದ್ರಣದ ದೋಷಗಳೇ? (ಧಾರವಾಡದ ಓದುಗರು)

ಉತ್ತರ: ಅಲ್ಲ, ಆ ಕಾಲದ ನಿಯಮ. ಡಚ್ಚರ ಆಡಳಿತದಲ್ಲಿ 1901ರಲ್ಲಿ ಬಂದದ್ದು ವಾನ್ ಒಫೈಸೆನ್ ಕಾಗುಣಿತ. ಸ್ವಾತಂತ್ರ್ಯ ಘೋಷಣೆಯಾದ ಮೇಲೆ 1947ರ ಮಾರ್ಚಿನಲ್ಲಿ ಸುವಾಂದಿ ಕಾಗುಣಿತ ಬಂತು. ಅದು ‘ಉ’ ಸ್ವರಕ್ಕೆ ಬರೆಯುತ್ತಿದ್ದ ಓ-ಇ ಜೋಡಿಯನ್ನು ತೆಗೆದು ಒಂಟಿ ಯು ಇಟ್ಟಿತು. ಎರಡು ಬಗೆಯ ‘ದಿ’ಯನ್ನೂ ಮುಂದಿನ ಪದಕ್ಕೆ ಅಂಟಿಸಿತು. ದ್ವಿರುಕ್ತಿಗೆ 2 ಎಂಬ ಅಂಕಿಯನ್ನೂ ಒಪ್ಪಿತು. 1972ರ ಆಗಸ್ಟ್ 16ರಂದು ‘ಎಜಾಆನ್ ಯಾಙ್ ದಿಸೆಂಪುರ್ನಾಕಾನ್’, ಅಂದರೆ ಪರಿಷ್ಕೃತ ಕಾಗುಣಿತ (ಚಿಕ್ಕದಾಗಿ ಇವೈಡಿ), ಜಾರಿಗೆ ಬಂದು ಇವೆರಡನ್ನೂ ತಿರುಗಿಸಿತು: ಸ್ಥಳದ ‘ದಿ’ ಬಿಡಿ, ದ್ವಿರುಕ್ತಿಗೆ ‘ಆನಾಕ್-ಆನಾಕ್’ ಎಂದು ಪೂರ್ತಿ ಬರೆದು ನಡುವೆ ಅಡ್ಡಗೆರೆ. ಟಿ-ಜೆ ಜೋಡಿ ಸಿ ಆದದ್ದು, ಡಿ-ಜೆ ಜೋಡಿ ಜೆ ಆದದ್ದು, ಜೆ ಇದ್ದದ್ದು ವೈ ಆದದ್ದು ಎಲ್ಲ ಅಂದೇ. ಕಾಲು ಶತಮಾನ ಸರಿಯಾಗಿದ್ದದ್ದು ಬೆಳಗಾಗುವುದರೊಳಗೆ ತಪ್ಪಾಯಿತು. ಇಂದಿನ ವಿದ್ಯಾರ್ಥಿಗಳ ‘ತಪ್ಪು’ಗಳಲ್ಲಿ ಎಷ್ಟೋ ಹೀಗೆ ನಿನ್ನೆಯ ನಿಯಮಗಳೇ.

ಆಮೇಲೆ 2015ರಲ್ಲಿ ಪಿಯುಇಬಿಐ ಎಂಬ ಕೈಪಿಡಿ ಬಂತು. 2022ರ ಆಗಸ್ಟ್‌ನಲ್ಲಿ ಅದರ ಜಾಗಕ್ಕೆ ಇವೈಡಿ ಐದನೆಯ ಆವೃತ್ತಿ ಬಂತು. ಕ್ಯಾಂಪಸ್ಸಿನ ಪ್ರಬಂಧ ಕೈಪಿಡಿಯಲ್ಲಿ ಇನ್ನೂ ಪಿಯುಇಬಿಐ ಎಂದೇ ಇದ್ದರೆ ಗಾಬರಿ ಬೇಡ, ‘ದಿ’ಯಂಥ ಮುಖ್ಯ ನಿಯಮಗಳು ಎರಡರಲ್ಲೂ ಒಂದೇ.

ಪ್ರಶ್ನೆ: ‘ಪೆಙಾರುಹ್’ ಎಂದರೆ ಪ್ರಭಾವ. ಪ್ರಭಾವ ಬೀರು ಎನ್ನಲು ‘ಮೆಂಪೆಙಾರುಹಿ’ ಎಂದು ಬರೆದರೆ ತಪ್ಪು, ‘ಮೆಮೆಙಾರುಹಿ’ ಸರಿ ಎನ್ನುತ್ತಾರೆ. ನೂರಾರು ಪ್ರಬಂಧಗಳ ಶೀರ್ಷಿಕೆಯಲ್ಲೇ ಮೊದಲನೆಯದು ಇದೆಯಲ್ಲ? (ಬೆಂಗಳೂರಿನ ಅನುವಾದಕರು)

ಉತ್ತರ: ಶೀರ್ಷಿಕೆಯಲ್ಲಿದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಕನ್ನಡಿಗರಿಗೆ ಈ ನಿಯಮ ಇಂಡೊನೇಷ್ಯದವರಿಗಿಂತ ಬೇಗ ಹತ್ತುತ್ತದೆ, ಏಕೆಂದರೆ ನಮ್ಮ ಬಳಿ ವರ್ಗೀಯ ವ್ಯಂಜನಗಳ ಕೋಷ್ಟಕವಿದೆ. ‘ಮೆ’ ಪ್ರತ್ಯಯ ಹತ್ತುವಾಗ ಮೂಲಪದದ ಮೊದಲ ವ್ಯಂಜನ ಕ, ತ, ಪ ಆಗಿದ್ದರೆ ಅದು ಕರಗಿ, ಅದೇ ವರ್ಗದ ಅನುನಾಸಿಕ ಬಂದು ಕೂರುತ್ತದೆ. ಕ ಇದ್ದರೆ ಙ, ತ ಇದ್ದರೆ ನ, ಪ ಇದ್ದರೆ ಮ. ಜೊತೆಗೆ ಸ ಇದ್ದರೆ ಞ. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಕ ಹೋಗಿ ಗ ಬಂದಂತೆ, ಇಲ್ಲಿ ಕ ಹೋಗಿ ಙ ಬರುತ್ತದೆ.

‘ಪೆಙಾರುಹ್’ ಹೀಗೆ ‘ಮೆಮೆಙಾರುಹಿ’ ಆಯಿತು. ‘ತಾಆತ್’ (ವಿಧೇಯ) ‘ಮೆನಾಆತಿ’ ಆಗುತ್ತದೆ, ‘ಮೆನ್‌ತಾಆತಿ’ ಅಲ್ಲ. ‘ಕೊನ್ಸುಮ್ಸಿ’ (ಸೇವನೆ) ‘ಮೆಙೊನ್ಸುಮ್ಸಿ’ ಆಗುತ್ತದೆ. ‘ಸುಕ್ಸೆಸ್’ ‘ಮೆಞುಕ್ಸೆಸ್ಕಾನ್’ ಆಗುತ್ತದೆ. ಮನೆಮಾತಿನ ಪದಗಳಲ್ಲಿ ಯಾರೂ ತಪ್ಪುವುದಿಲ್ಲ. ‘ತುಲಿಸ್’ ಅನ್ನು ‘ಮೆನುಲಿಸ್’ ಎಂದು ಮಕ್ಕಳೂ ಬರೆಯುತ್ತಾರೆ. ಹೊರಗಿಂದ ಬಂದ ಪದಗಳ ಮುಂದೆ ಕೈ ತಡೆಯುತ್ತದೆ: ಮೊದಲ ಅಕ್ಷರ ಕರಗಿದರೆ ಪದದ ಗುರುತೇ ಹೋಯಿತಲ್ಲ ಎಂಬ ಅಂಜಿಕೆ.

ಕರಗದ ಸಂದರ್ಭಗಳಿವೆ. ಆ ವ್ಯಂಜನದ ಬೆನ್ನಿಗೆ ಇನ್ನೊಂದು ವ್ಯಂಜನ ಇದ್ದರೆ, ನಮ್ಮ ಮಾತಿನಲ್ಲಿ ಒತ್ತಕ್ಷರ ಇದ್ದರೆ, ಅದು ಗಟ್ಟಿ ನಿಲ್ಲುತ್ತದೆ: ‘ಮೆಂಪ್ರೊದುಕ್ಸಿ’, ‘ಮೆಙ್ಕ್ರಿತಿಕ್’. ‘ಪೆರ್’ ಎಂಬುದು ತಾನೇ ಒಂದು ಪ್ರತ್ಯಯವಾಗಿದ್ದರೂ ಪ ಉಳಿಯುತ್ತದೆ: ‘ಬಾಯ್ಕ್’ (ಒಳ್ಳೆಯ) ಪದದಿಂದ ‘ಮೆಂಪೆರ್ಬಾಯ್ಕಿ’ (ಸರಿಪಡಿಸು). ಇಲ್ಲೇ ಜಾರುವುದು. ‘ಪೆರ್ಚಾಯಾ’ (ನಂಬಿಕೆ) ಪದದಲ್ಲಿನ ‘ಪೆರ್’ ಪ್ರತ್ಯಯವಲ್ಲ, ಪದದ್ದೇ ಭಾಗ. ಅದು ಸಂಸ್ಕೃತದ ‘ಪ್ರತ್ಯಯ’ ಎಂಬ ಪದವೇ, ನಂಬಿಕೆ ಎಂಬ ಅರ್ಥದಲ್ಲಿ. ಆದ್ದರಿಂದ ‘ಮೆಮೆರ್ಚಾಯಾಯಿ’ ಸರಿ, ‘ಮೆಂಪೆರ್ಚಾಯಾಯಿ’ ತಪ್ಪು. ನಿಯಮಕ್ಕೆ ಸಿಗದೆ ಬಾಯಿಪಾಠ ಮಾಡಬೇಕಾದವೂ ಇವೆ: ‘ಮೆಂಪುಞಾಯಿ’ (ಹೊಂದಿರು), ‘ಮೆಙ್ಕಾಜಿ’ (ಅಧ್ಯಯನ ಮಾಡು). ಎರಡನೆಯದರಲ್ಲಿ ಕ ಕರಗಿದರೆ ‘ಮೆಙಾಜಿ’ ಆಗಿ ಕುರಾನ್ ಪಠಿಸುವುದು ಎಂಬ ಅರ್ಥ ಬರುತ್ತದೆ, ಅದಕ್ಕೇ ಉಳಿಸಿಕೊಂಡಿದ್ದಾರೆ.

ಇದೇ ಗುಂಪಿನಲ್ಲಿ ನಗೆಪಾಟಲಿಗೆ ಈಡಾಗುವ ತಪ್ಪೊಂದಿದೆ. ‘ಉಬಾಹ್’ ಎಂದರೆ ಬದಲಾವಣೆ. ಬದಲಿಸು ಎನ್ನಲು ‘ಮೆಙುಬಾಹ್’. ‘ಬೆರುಬಾಹ್’ (ಬದಲಾಗು) ಎಂಬ ರೂಪ ಕೇಳಿ ಕೇಳಿ ಮೂಲಪದವೇ ‘ರುಬಾಹ್’ ಇರಬೇಕೆಂದು ತಿಳಿದವರು ‘ಮೆರುಬಾಹ್’ ಎಂದು ಬರೆಯುತ್ತಾರೆ. ‘ರುಬಾಹ್’ ಎಂದರೆ ನರಿ.

ಪ್ರಶ್ನೆ: ‘ಆಕ್ತಿಫ್’ ಪದಕ್ಕೆ ಎಫ್ ಬರೆದು ‘ಆಕ್ತಿವಿತಾಸ್’ ಪದಕ್ಕೆ ವಿ ಬರೆಯುವುದು ಯಾಕೆ? ‘ಆನಾಲಿಸಾ’, ‘ಪ್ರಾಕ್ತೆಕ್’ ಎಂದು ಎಲ್ಲರೂ ಹೇಳುತ್ತಾರೆ, ನಿಘಂಟು ಒಪ್ಪುವುದಿಲ್ಲ. (ಜಕಾರ್ತದ ಒಬ್ಬ ಸಂಶೋಧನಾ ಸಹಾಯಕ)

ಉತ್ತರ: ಇಂಡೊನೇಷ್ಯನ್ನರ ಬಾಯಲ್ಲಿ ವಿ ಮತ್ತು ಎಫ್ ಬಹುಮಟ್ಟಿಗೆ ಒಂದೇ ಸದ್ದು. ‘ಆಕ್ತಿಫ್’ ಗೊತ್ತಿದ್ದವರು ಅದಕ್ಕೆ ‘ಇತಾಸ್’ ಹಚ್ಚಿದೆ ಎಂದು ಭಾವಿಸಿ ಎಫ್ ಉಳಿಸುತ್ತಾರೆ. ವಾಸ್ತವದಲ್ಲಿ ‘ಇತಾಸ್’ ಅಲ್ಲಿನ ಪ್ರತ್ಯಯವಲ್ಲ. ಎರಡೂ ಪದಗಳನ್ನು ಹೊರಗಿನಿಂದ ಇಡಿಯಾಗಿ, ಬೇರೆ ಬೇರೆಯಾಗಿ ತಂದುಕೊಂಡಿದ್ದಾರೆ, ಹಾಗಾಗಿ ಒಂದಕ್ಕೆ ಎಫ್, ಇನ್ನೊಂದಕ್ಕೆ ವಿ. ‘ಎಫೆಕ್ತಿಫ್’ ಎಫ್, ‘ಎಫೆಕ್ತಿವಿತಾಸ್’ ವಿ. ಇದೇ ಕಾರಣಕ್ಕೆ ‘ಸ್ತಾಂದಾರ್’ ಪದದ ಕೊನೆಯಲ್ಲಿ ಡಿ ಇಲ್ಲ, ಆದರೆ ‘ಸ್ತಾಂದಾರ್ದಿಸಾಸಿ’ಯಲ್ಲಿ ನಡುವೆ ಡಿ ಇದೆ. ಇದನ್ನು ಒಮ್ಮೆ ಹಿಡಿದರೆ ಹತ್ತಾರು ಪದಗಳು ಸರಿಹೋಗುತ್ತವೆ.

‘ಆನಾಲಿಸಾ’, ‘ಹಿಪೊತೇಸಾ’, ‘ಪ್ರಾಕ್ತೆಕ್’ ಡಚ್ ಉಚ್ಚಾರಣೆಯ ನೆನಪುಗಳು. ಪ್ರಮಾಣ ರೂಪಗಳು ‘ಆನಾಲಿಸಿಸ್’, ‘ಹಿಪೊತೇಸಿಸ್’, ‘ಪ್ರಾಕ್ತಿಕ್’. ಎ ಎಲ್ಲ ಇ ಆಗಬೇಕು ಎಂದು ಸೂತ್ರ ಕಟ್ಟಿಕೊಳ್ಳಬೇಡಿ: ಔಷಧದಂಗಡಿ ‘ಆಪೊತಿಕ್’ ಅಲ್ಲ, ‘ಆಪೊತೆಕ್’. ಅಲ್ಲಿ ತಿರುವುಮುರುವು. ಅಂಕಿಅಂಶದ ಅಧ್ಯಾಯದಲ್ಲಿ ‘ಪ್ರೊಸೆನ್ತಾಸೆ’ ತಪ್ಪದೆ ಇಣುಕುತ್ತದೆ. ಸರಿಯಾದದ್ದು ‘ಪೆರ್ಸೆನ್ತಾಸೆ’, ‘ಪೆರ್ಸೆನ್’ ಪದದ ಬಳಗ. ‘ರೆಸಿಕೊ’ ಅಲ್ಲ, ‘ರಿಸಿಕೊ’. ‘ಒಬ್ಯೆಕ್’ ಅಲ್ಲ, ‘ಒಬ್ಜೆಕ್’. ‘ಸಿಲಾಹ್ಕಾನ್’ (ದಯವಿಟ್ಟು) ಪದದಲ್ಲಿ ಹ ಬೇಡ.

ಅರಬ್ಬಿಯಿಂದ ಬಂದವುಗಳಲ್ಲಿ ಜೆ ಮತ್ತು ಝಡ್ ಗೊಂದಲ. ಕಾಲ ‘ಜ಼ಮಾನ್’, ಅನುಮತಿ ‘ಇಜ಼ಿನ್’, ಎರಡಕ್ಕೂ ಝಡ್. ಆದರೆ ಪದವಿ ಪತ್ರ ‘ಇಜಾಜ಼ಾಹ್’. ಮೊದಲು ಜೆ, ಆಮೇಲೆ ಝಡ್. ಜಕಾರ ಒಂದೇ ಆಡುವ ನಾಲಿಗೆಯವರು, ಅಂದರೆ ನಮ್ಮಲ್ಲಿ ಬಹಳಷ್ಟು ಜನ, ಇವನ್ನು ಪಟ್ಟಿ ಮಾಡಿ ಮೇಜಿಗೆ ಅಂಟಿಸಿಕೊಳ್ಳುವುದೇ ಮೇಲು. ಸಂದೇಹ ಬಂದರೆ ‘ಕೆಬಿಬಿಐ’ ನಿಘಂಟಿನ ಆನ್‌ಲೈನ್ ಆವೃತ್ತಿಯಲ್ಲಿ ನೋಡಿ. ಪ್ರಮಾಣವಲ್ಲದ ರೂಪ ಹಾಕಿದರೆ ಬಾಣದ ಗುರುತಿನಿಂದ ಸರಿಯಾದ ರೂಪಕ್ಕೆ ಕಳಿಸುತ್ತದೆ. ಪದ ನಿಘಂಟಿನಲ್ಲಿ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ, ಬಾಣ ಇದೆಯೇ ಎಂಬುದನ್ನು ನೋಡಿ.

ಪ್ರಶ್ನೆ: ‘ತೆರಿಮಾ ಕಾಸಿಹ್’ (ಧನ್ಯವಾದ), ‘ತಂಗುಙ್ ಜಾವಾಬ್’ (ಜವಾಬ್ದಾರಿ) ಒಂದೇ ಪದವೋ ಎರಡೋ? (ಶಿವಮೊಗ್ಗ)

ಉತ್ತರ: ಎರಡು. ‘ಕೆರ್ಜಾ ಸಾಮಾ’ (ಸಹಕಾರ) ಕೂಡ ಎರಡು. ಇಂಥ ಜೋಡಿಗೆ ಒಂದೇ ಬದಿಯಲ್ಲಿ ಪ್ರತ್ಯಯ ಹತ್ತಿದರೆ ಬಿಡಿಯಾಗಿಯೇ ಇರುತ್ತದೆ: ‘ಬೆರ್ತಂಗುಙ್ ಜಾವಾಬ್’. ಹಿಂದೆ ಮುಂದೆ ಎರಡೂ ಕಡೆ ಹತ್ತಿದರೆ ಕೂಡಿಕೊಳ್ಳುತ್ತದೆ: ‘ಪೆರ್ತಂಗುಙ್‌ಜಾವಾಬಾನ್’. ಎರಡು ತುದಿಗೂ ಕೊಕ್ಕೆ ಬಿದ್ದ ಮೇಲೆ ನಡುವಿನ ಸಂದು ಉಳಿಯುವುದಿಲ್ಲ. ‘ಮಾತಾಹಾರಿ’ (ಸೂರ್ಯ), ‘ಒಲಾಹ್‌ರಾಗಾ’ (ಕ್ರೀಡೆ) ಮುಂತಾದ ಕೆಲವು ಮಾತ್ರ ಹುಟ್ಟಾ ಕೂಡಿದವು.

‘ಆಂತಾರ್’ (ನಡುವಿನ), ‘ಪಾಸ್ಚಾ’ (ನಂತರದ), ‘ನೊನ್’ (ಅಲ್ಲದ) ಬಿಡಿ ಪದಗಳಲ್ಲ. ‘ಪಾಸ್ಚಾಸಾರ್ಜಾನಾ’ (ಸ್ನಾತಕೋತ್ತರ) ಎಂದು ಅಂಟಿಸಬೇಕು, ಮುಂದಿನ ಪದ ದೊಡ್ಡಕ್ಷರದಿಂದ ಶುರುವಾದರೆ ಮಾತ್ರ ಅಡ್ಡಗೆರೆ. ‘ಪುನ್’ (ಕೂಡ) ಇದಕ್ಕೆ ತದ್ವಿರುದ್ಧ: ಸಾಮಾನ್ಯವಾಗಿ ಬಿಡಿ, ‘ಮೆಸ್ಕಿಪುನ್’, ‘ವಾಲಾವ್‌ಪುನ್’, ‘ಆತಾವ್‌ಪುನ್’, ‘ಮಾವ್‌ಪುನ್’ ಮೊದಲಾದ ಗೊತ್ತುಮಾಡಿದ ಕೆಲವು ಸಂಯೋಜಕಗಳಲ್ಲಿ ಮಾತ್ರ ಅಂಟು.

ಪ್ರಶ್ನೆ: ಸಂಸ್ಕೃತ ಬಲ್ಲವರಿಗೆ ಇಂಡೊನೇಷ್ಯನ್ ಕಾಗುಣಿತ ಸುಲಭ ಎನ್ನುವುದು ನಿಜವೇ? (ಮಂಗಳೂರು)

ಉತ್ತರ: ಅರ್ಥಕ್ಕೆ ಸ್ವಲ್ಪ ಆಸರೆ, ಕಾಗುಣಿತಕ್ಕೆ ತೊಡಕು. ಅಲ್ಲಿ ಮಹಾಪ್ರಾಣವಿಲ್ಲ. ಭಕಾರದ ಉಸಿರು ಒಂದು ಹಕಾರವಾಗಿ ಬೇರೆ ನಿಂತಿದೆ: ಭಾಷಾ ‘ಬಹಾಸಾ’ ಆಯಿತು, ಭಯ ‘ಬಹಾಯಾ’ (ಅಪಾಯ) ಆಯಿತು, ಭಾಗ್ಯ ‘ಬಹಾಗಿಯಾ’ (ಸುಖ) ಆಯಿತು. ಶ, ಷ, ಸ ಮೂರಕ್ಕೂ ಒಂದೇ ಎಸ್. ‘ಕಾರಣ’ ಎಂಬುದು ‘ಕರೆನಾ’ ಆಗಿ ‘ಏಕೆಂದರೆ’ ಎಂಬ ಅರ್ಥ ಪಡೆದಿದೆ. ನಡುವಿನ ಎ ಬಿಟ್ಟು ‘ಕರ್ನಾ’ ಎಂದು ಮೊಬೈಲ್ ಸಂದೇಶದ ಹಾಗೆ ಬರೆದರೆ ಪ್ರಬಂಧದಲ್ಲಿ ತಪ್ಪು. ‘ಮಹಾಸಿಸ್ವಾ’ (ವಿಶ್ವವಿದ್ಯಾಲಯದ ವಿದ್ಯಾರ್ಥಿ) ಒಂದೇ ಪದ. ದೇವರ ವಿಶೇಷಣಗಳಿಗೆ ಹಚ್ಚುವ ‘ಮಹಾ’ವನ್ನು ಹಿಂದೆ ಕೆಲವು ಕಡೆ ಬಿಡಿಸಿ ಬರೆಯುತ್ತಿದ್ದರು, 2022ರ ಆವೃತ್ತಿ ಅಲ್ಲಿಯೂ ಅಂಟಿಸಿದೆ.

‘ಅವರಿಗೆ ಬಹಾಸಾ ಬರುತ್ತದೆ’ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಅದಕ್ಕೆ ‘ಅವರಿಗೆ ಭಾಷೆ ಬರುತ್ತದೆ’ ಎಂದಷ್ಟೇ ಅರ್ಥ. ಭಾಷೆಯ ಹೆಸರು ‘ಬಹಾಸಾ ಇಂದೊನೆಸಿಯಾ’, ಬರೆಯುವಾಗ ‘ಬಹಾಸಾ’ಗೆ ಸಣ್ಣಕ್ಷರ, ‘ಇಂದೊನೆಸಿಯಾ’ಗೆ ದೊಡ್ಡಕ್ಷರ.

ಪ್ರಶ್ನೆ: ಅರ್ಥಶಾಸ್ತ್ರದ ಪ್ರಬಂಧದಲ್ಲಿ ಕೋಷ್ಟಕದ ಅಂಕಿಗಳೆಲ್ಲ ತಪ್ಪು ಎಂದು ವಾಪಸು ಬಂದಿವೆ. ಲೆಕ್ಕ ಸರಿಯಾಗಿಯೇ ಇದೆ. (ಬಂಡುಂಗ್‌ನಿಂದ)

ಉತ್ತರ: ಲೆಕ್ಕ ಸರಿಯಿರಬಹುದು, ಚಿಹ್ನೆ ತಿರುಗಿದೆ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ: ಮೂರೂವರೆ ಎಂದರೆ 3,5, ಹನ್ನೆರಡೂವರೆ ಸಾವಿರ ಎಂದರೆ 12.500. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಇಂಗ್ಲಿಷ್ ಸೆಟ್ಟಿಂಗ್‌ನಲ್ಲಿ ಕೊಟ್ಟ ಕೋಷ್ಟಕವನ್ನು ಹಾಗೇ ಅಂಟಿಸಿದರೆ ಒಂದೇ ಪುಟದಲ್ಲಿ ಎರಡೂ ಪದ್ಧತಿ ಬೆರೆತುಹೋಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಇಂಗ್ಲಿಷ್ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ 12.500 ಎಂದು ಟೈಪು ಮಾಡಿದರೆ ಅದು ಹನ್ನೆರಡೂವರೆ ಎಂದೇ ಲೆಕ್ಕ ಹಾಕುತ್ತದೆ. ಕೆಲಸ ಶುರು ಮಾಡುವ ಮೊದಲೇ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಇಂಡೊನೇಷ್ಯಕ್ಕೆ ಬದಲಿಸಿ. ಇಸವಿಗೆ, ಪುಟಸಂಖ್ಯೆಗೆ ಚುಕ್ಕಿ ಬೇಡ.

ಅಲ್ಲಿನ ನಾಣ್ಯ ರುಪಿಯಾದ ಆರ್-ಪಿ ಚಿಹ್ನೆಯ ಮುಂದೆ ಚುಕ್ಕಿಯೂ ಇಲ್ಲ, ಸ್ಪೇಸೂ ಇಲ್ಲ, ಸಂಖ್ಯೆ ಅಂಟಿಕೊಂಡೇ ಬರಬೇಕು. ಕಿಲೋಗ್ರಾಂ, ಸೆಂಟಿಮೀಟರಿಗೆ ಮಾತ್ರ ಸಂಖ್ಯೆಯ ನಂತರ ಸ್ಪೇಸ್ ಉಂಟು. ವಾಕ್ಯವನ್ನು ಅಂಕಿಯಿಂದ ಶುರು ಮಾಡುವಂತಿಲ್ಲ. ಒಂದೆರಡು ಪದಗಳಲ್ಲಿ ಮುಗಿಯುವ ಸಂಖ್ಯೆಯಾದರೆ ಅಕ್ಷರದಲ್ಲಿ ಬರೆಯಿರಿ, ಉದ್ದವಾದರೆ ವಾಕ್ಯವನ್ನೇ ತಿರುಗಿಸಿ ಅಂಕಿಯನ್ನು ಒಳಗೆ ತನ್ನಿ.

ನೂರು ಕೋಟಿಗೆ ‘ಮಿಲಿಯಾರ್’, ‘ಮಿಲ್ಯಾರ್’ ಅಲ್ಲ. ಹಳೆಯ ಬರಹಗಳಲ್ಲಿ ‘ಲಾಕ್ಸಾ’, ‘ಕೆತಿ’ ಕಂಡರೆ ನಮ್ಮ ಲಕ್ಷ, ಕೋಟಿ ಎಂದು ಓದಿಬಿಡಬೇಡಿ. ಹೆಸರು ಅವೇ, ಬೆಲೆ ಇಳಿದಿದೆ: ಅಲ್ಲಿ ‘ಲಾಕ್ಸಾ’ 10,000, ‘ಕೆತಿ’ 1,00,000.

ಪ್ರಶ್ನೆ: 150 ಪುಟದ ಕರಡನ್ನು ಎರಡು ದಿನದಲ್ಲಿ ತಿದ್ದಬೇಕು. ವರ್ಡ್‌ನ ಸ್ಪೆಲ್‌ಚೆಕ್ ಸಾಲದೇ? (ಮೈಸೂರಿನ ಕರಡು ತಿದ್ದುವವರು)

ಉತ್ತರ: ಸಾಲದು. ಮೊದಲು ಪಠ್ಯದ ಭಾಷೆಯನ್ನು ಇಂಡೊನೇಷ್ಯನ್ ಎಂದು ಗುರುತು ಮಾಡಿ, ಇಲ್ಲದಿದ್ದರೆ ಪುಟವಿಡೀ ಕೆಂಪಾಗಿ ನಿಜವಾದ ತಪ್ಪು ಮುಚ್ಚಿಹೋಗುತ್ತದೆ. ಗುರುತು ಮಾಡಿದ ಮೇಲೂ ‘ದಿ ತುಲಿಸ್’ ಎಂದು ಬಿಡಿಸಿದ್ದನ್ನು ಅದು ಹಿಡಿಯುವುದಿಲ್ಲ, ‘ದಿ’ಯೂ ಪದ, ‘ತುಲಿಸ್’ ಕೂಡ ಪದ.

ಆದ್ದರಿಂದ ಓದುವ ಮೊದಲು ಹುಡುಕಿ. ಹುಡುಕು ಪೆಟ್ಟಿಗೆಯಲ್ಲಿ ಎರಡೂ ಕಡೆ ಸ್ಪೇಸ್ ಇಟ್ಟು ‘ದಿ’ ಹಾಕಿ, ಒಂದೊಂದರ ಮುಂದೆಯೂ ಕ್ರಿಯಾಪದವಿದೆಯೇ ನೋಡಿ, ಇದ್ದರೆ ಅಂಟಿಸಿ. ಆಮೇಲೆ ‘ದಿ’ಯಿಂದ ಆರಂಭವಾಗುವ ಪದಗಳನ್ನು ಹುಡುಕಿ, ಸ್ಥಳವಾಚಕಗಳನ್ನು ಬಿಡಿಸಿ. ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ಇಲ್ಲಿ ಒತ್ತಲೇಬಾರದು, ಸರಿಯಾಗಿದ್ದದ್ದೂ ಕೆಡುತ್ತದೆ. ಮೂರನೆಯ ಸುತ್ತಿನಲ್ಲಿ ‘ಮೆಂಪೆ’, ‘ಮೆಙ್ಕ’, ‘ಮೆನ್ತ’, ‘ಮೆನ್ಸ’ ತುಣುಕುಗಳು. ನಾಲ್ಕನೆಯದರಲ್ಲಿ ಮೇಲೆ ಹೇಳಿದ ‘ಆನಾಲಿಸಾ’, ‘ರೆಸಿಕೊ’, ‘ಪ್ರೊಸೆನ್ತಾಸೆ’ ಪಟ್ಟಿ. ಇಲ್ಲಿ ಬದಲಿಸು ಗುಂಡಿ ಒತ್ತಬಹುದು, ಗ್ರಂಥಸೂಚಿಯನ್ನು ಹೊರಗಿಟ್ಟು. ಇಷ್ಟಾದ ಮೇಲೆ ಕೂತು ಓದಿ. ಮೊದಲೇ ಓದಲು ಹೊರಟರೆ ಅರವತ್ತನೆಯ ಪುಟದ ಹೊತ್ತಿಗೆ ಕಣ್ಣು ‘ದಿ’ಗಳನ್ನು ದಾಟಿಕೊಂಡು ಹೋಗಲು ಕಲಿತುಬಿಟ್ಟಿರುತ್ತದೆ.

ಶೀರ್ಷಿಕೆಗಳನ್ನು ಕೊನೆಗೆ ಪ್ರತ್ಯೇಕ ನೋಡಿ. ದ್ವಿರುಕ್ತಿಯ ಎರಡೂ ಭಾಗಕ್ಕೆ ದೊಡ್ಡಕ್ಷರ (‘ಫಾಕ್ತೊರ್-ಫಾಕ್ತೊರ್’), ನಡುವೆ ಬರುವ ‘ದಿ’, ‘ದಾನ್’, ‘ಯಾಙ್’ ಪದಗಳಿಗೆ ಸಣ್ಣಕ್ಷರ.

ಪ್ರಶ್ನೆ: ಗ್ರಂಥಸೂಚಿಯನ್ನು ಏಕೆ ಹೊರಗಿಡಬೇಕು? ಹಳೆಯ ಲೇಖಕರ ಹೆಸರನ್ನು ಹೊಸ ಕಾಗುಣಿತಕ್ಕೆ ತರಬಾರದೇ? (ಅದೇ ಓದುಗರು, ಎರಡನೆಯ ಪತ್ರದಲ್ಲಿ)

ಉತ್ತರ: ತರಬಾರದು. ಹೆಸರು ಅವರವರು ಬರೆದುಕೊಂಡಂತೆ. ಮಾನವಶಾಸ್ತ್ರಜ್ಞ ಕುಂಚರಾನಿಙ್ರಾತ್ ಅವರ ಹೆಸರಿನಲ್ಲಿ ಹಳೆಯ ಓ-ಇ, ಟಿ-ಜೆ ಎರಡೂ ಇವೆ, ಹಾಗೇ ಇರಬೇಕು. ಪ್ರಕಟವಾದ ಲೇಖನದ ಶೀರ್ಷಿಕೆಯಲ್ಲಿ ‘ಮೆಂಪೆಙಾರುಹಿ’ ಇದ್ದರೆ ಅದನ್ನೂ ಮುಟ್ಟಬೇಡಿ, ತಿದ್ದಿದರೆ ಹುಡುಕುವವರಿಗೆ ಆ ಲೇಖನ ಸಿಗುವುದಿಲ್ಲ. ಸಂಸ್ಥೆಗಳ ಹೆಸರೂ ಅಷ್ಟೇ. ಬಂಡುಂಗ್‌ನ ಪಾಜಾಜಾರಾನ್ ವಿಶ್ವವಿದ್ಯಾಲಯ, ಯೋಗ್ಯಕರ್ತದ ಗಾಜಾಹ್ ಮಾದಾ ವಿಶ್ವವಿದ್ಯಾಲಯ ಇಂದಿಗೂ ತಮ್ಮ ಹೆಸರನ್ನು ಬರೆದುಕೊಳ್ಳುವುದು 1972ಕ್ಕಿಂತ ಹಿಂದಿನ ಡಿ-ಜೆ ಜೋಡಿಯಲ್ಲೇ. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪ್ರಾಣಿಶಾಸ್ತ್ರದ ಪ್ರಬಂಧದಲ್ಲಿ ಆನೆ ಎಂಬರ್ಥದ ‘ಗಾಜಾಹ್’ ಬರೆಯುವಾಗ ಒಂಟಿ ಜೆ ಹಾಕಬೇಕು. ಮುಖಪುಟದಲ್ಲಿ ಒಂದು ಆನೆ, ಒಳಗೆ ಇನ್ನೊಂದು.